ತೂತಿದ್ದರೆ ರೇಟು ಜಾಸ್ತಿ

ಎರಡನೇ ಮಹಾಯುದ್ಧದ ಪ್ಯಾರಾಟ್ರೂಪರ್ ಹೆಲ್ಮೆಟ್ಟುಗಳ ಲೋಕದಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ತಲೆ ಕಾಪಾಡಿದ ಹೆಲ್ಮೆಟ್ಟಿಗೆ ಒಂದು ಬೆಲೆ, ಕಾಪಾಡಲಾಗದೆ ಸೋತ ಹೆಲ್ಮೆಟ್ಟಿಗೆ ಅದಕ್ಕಿಂತ ಜಾಸ್ತಿ. ಗುಂಡಿನ ತೂತಿದ್ದರಂತೂ ಕೇಳೋದೇ ಬೇಡ. ಅದಕ್ಕೇ ಕೆಲವರು ಡ್ರಿಲ್ ಹಿಡಿದು ತೂತು ಕೊರೀತಾರೆ!

ಈ ಲೋಕ ನನಗೆ ಪರಿಚಯವಾಗಿದ್ದು ಡೆಟ್ರಾಯಿಟ್‌ನಲ್ಲಿ, ಆಫೀಸಿನ ಪಕ್ಕದ ಕ್ಯೂಬಿಕಲ್‌ನ ಗೆಳೆಯನಿಂದ. ಊರೂ ಹೇಳಿಮಾಡಿಸಿದ್ದೇ. ಅಮೆರಿಕದ ಪ್ಯಾರಾಟ್ರೂಪರ್‌ಗಳ ‘ಎಂ2’ ಹೆಲ್ಮೆಟ್ಟಿನ ಉಕ್ಕಿನ ಚಿಪ್ಪು ಮಾಡಿದ್ದು ಇಲ್ಲಿನ ಮೆಕಾರ್ಡ್ ರೇಡಿಯೇಟರ್ ಕಂಪನಿ ಮಾತ್ರ. ಮಾಮೂಲಿ ಸೈನಿಕರ ‘ಎಂ1’ ಯುದ್ಧಕಾಲದಲ್ಲಿ ಎರಡು ಕೋಟಿಗೂ ಹೆಚ್ಚು ತಯಾರಾದರೆ, ಎಂ2 ಸುಮಾರು ಒಂದೂವರೆ ಲಕ್ಷ ಅಷ್ಟೇ.

ವಿಮಾನದಿಂದ ಹಾರುವಾಗ ಹೆಲ್ಮೆಟ್ ಕಿತ್ತುಹೋಗಬಾರದಲ್ಲ? ಅದಕ್ಕೆ ಒಳಗಿನ ಲೈನರ್‌ಗೆ ‘ಎ’ ಆಕಾರದ ಪಟ್ಟಿ, ಗದ್ದಕ್ಕೆ ಚರ್ಮದ ಕಪ್. ಚಿಪ್ಪಿನ ಪಟ್ಟಿಗೆ ಎರಡೂ ಬದಿ ಬೆಸುಗೆ ಹಾಕಿದ ‘ಡಿ’ ಆಕಾರದ ಕೊಂಡಿ. ಈ ಕೊಂಡಿ ಅಲುಗಾಡದು. ಹೆಲ್ಮೆಟ್ ಜೋರಾಗಿ ಬಿದ್ದರೆ ಮುರಿದೇ ಹೋಗ್ತಿತ್ತು. ಹಾಗಾಗಿ ಇವತ್ತು ಸರಿಯಾದ ಎಂ2 ಸಿಗೋದೇ ಅಪರೂಪ. ಅಪರೂಪ ಅಂದಮೇಲೆ ನಕಲಿಯೂ ಬಂತು. ಎಂ1 ಚಿಪ್ಪಿಗೆ ‘ಡಿ’ ಕೊಂಡಿ ಅಂಟಿಸಿದರಾಯ್ತು.

ಗೆಳೆಯ ಮೊದಲು ನೋಡೋದು ಚಿಪ್ಪಿನೊಳಗೆ ಮುಂಭಾಗದಲ್ಲಿ ಒತ್ತಿದ ಸಂಖ್ಯೆ. ಅದರ ಕೆಳಗೆ ‘ಎಸ್’ ಇದ್ದರೆ ಅದು ಶ್ಲೂಟರ್ ಎಂಬ ಬೇರೆ ಕಂಪನಿಯ ಚಿಪ್ಪು, ಅಲ್ಲಿಗೆ ಕತೆ ಮುಗೀತು. ಅಂಚಿನ ಪಟ್ಟಿಯ ಜೋಡಣೆಯೂ ಮುಂದೆಯೇ ಇರಬೇಕು. ಅದು ಹಿಂದಕ್ಕೆ ಹೋಗಿದ್ದು 1944ರ ಕೊನೆಗೆ.

ಅವನ ಬಳಿಯ ಒಂದು ಹೆಲ್ಮೆಟ್ಟಿನ ಬದಿಗೆ ಇಸ್ಪೀಟಿನ ಬಿಳಿ ಸ್ಪೇಡ್ ಇದೆ. ‘ಬ್ಯಾಂಡ್ ಆಫ್ ಬ್ರದರ್ಸ್’ ನೋಡಿದವರಿಗೆ ಗೊತ್ತು, 506ನೇ ರೆಜಿಮೆಂಟಿನ ಗುರುತು. ಒಳಗೆ ಒಂದು ಅಕ್ಷರ, ನಾಲ್ಕು ಅಂಕಿ: ಸರ್‌ನೇಮಿನ ಮೊದಲಕ್ಷರ, ಸೇನಾ ಸಂಖ್ಯೆಯ ಕೊನೆಯ ನಾಲ್ಕಂಕಿ. ಆಗ ಬಟ್ಟೆ, ಸಾಮಾನಿಗೆಲ್ಲ ಹೀಗೆ ಗುರುತು ಹಾಕ್ತಿದ್ದರು. ಅದನ್ನೇ ಹಿಡಿದು ಎರಡು ವರ್ಷ ಪಟ್ಟಿಗಳನ್ನು ಜಾಲಾಡಿ ಗೆಳೆಯ ಆಸಾಮಿಯನ್ನು ಪತ್ತೆಹಚ್ಚಿದ. ನಾರ್ಮಂಡಿಗೆ ಹಾರಿ, ಬದುಕಿ ಬಂದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು ತೀರಿಕೊಂಡವರು.

ಕೊಳ್ಳಲು ಬಂದಿದ್ದವನ ಮುಖ ಸಪ್ಪಗಾಯ್ತು. “ಓ, ಸಾಯಲಿಲ್ವಾ?” ಅಂದ. ರೇಟು ಇಳಿಸಿದ.

ಕೇಳಿ ನನಗೆ ಮೈ ಉರೀತು. ಆದರೆ ಯೋಚಿಸಿದರೆ ನಮ್ಮ ಹಸಿವೂ ಬೇರೆಯೇನಲ್ಲ. ಯುದ್ಧದ ಸಿನಿಮಾಗಳಲ್ಲಿ ನಮಗೆ ನೆನಪುಳಿಯೋದು ಸತ್ತವರೇ. ಮನೆಗೆ ಬಂದು ಹುಲ್ಲು ಕತ್ತರಿಸಿಕೊಂಡಿದ್ದವನ ಕತೆ ಯಾರಿಗೆ ಬೇಕು? ಅದೇ ಚಿಪ್ಪಿನಲ್ಲಿ ನೀರು ಹಿಡಿದು ಸೈನಿಕರು ಮುಖ ತೊಳೀತಿದ್ದರು, ಗಡ್ಡ ಹೆರೀತಿದ್ದರು. ಅದರ ಗುರುತೂ ಅಸಲಿಯೇ, ಆದರೆ ಕ್ಯಾಟಲಾಗಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಗೆಳೆಯ ಅದನ್ನು ಮಾರಲಿಲ್ಲ. ಮೊಮ್ಮಗಳಿಗೆ ಪತ್ರ ಬರೆದ. ಈಗ ಆಕೆಯ ಉತ್ತರದ ದಾರಿ ಕಾಯ್ತಿದಾನೆ.