ನಗೆಯ ಅಳತೆ ಕಲಿಸಿದವರು

ಸಂಗೀತಕ್ಕೆ ಗುರು ಬೇಕು, ಗರಡಿಗೆ ಉಸ್ತಾದನು ಬೇಕು, ಆದರೆ ಹಾಸ್ಯವೆಂಬುದು ಹುಟ್ಟಿನಿಂದಲೇ ಬರತಕ್ಕದ್ದು, ಅದನ್ನು ಯಾರೂ ಕಲಿಸಲಾರರು ಎಂಬುದು ಲೋಕದಲ್ಲಿ ಬಹುಮಂದಿಯ ನಂಬಿಕೆ. ನಾಗಮಂಗಲದ ಸೀಮೆಯ ಮೂಡಲಪಾಯದಲ್ಲಿ ಕೋಡಂಗಿಯು ರಂಗಕ್ಕೆ ಬಂದು ಭಾಗವತರೊಡನೆ ಮಾತಿಗೆ ಮಾತು ಹೆಣೆಯುವುದನ್ನೂ, ಇಂದಿನ ಬೆಂಗಳೂರಿನಲ್ಲಿ ಸ್ಟ್ಯಾಂಡ್-ಅಪ್ ಕಾಮಿಡಿಯೆಂಬ ಹೆಸರಿನಿಂದ ತರುಣನೊಬ್ಬನು ವೇಷವಿಲ್ಲದೆ, ಪರದೆಯಿಲ್ಲದೆ, ಮೈಕೊಂದನ್ನೇ ನೆಚ್ಚಿ ಸಭೆಯನ್ನು ನಗಿಸುವುದನ್ನೂ ಕಂಡು ಸಂತೋಷಪಟ್ಟಿರುವ ನಾನು ಆ ನಂಬಿಕೆಯನ್ನು ಒಪ್ಪಲಾರೆ. ಏಕೆಂದರೆ ಚಿನಕುರಳಿಯ ಗುಡಿಯ ಜಗುಲಿಯ ಮೇಲೆ ನನಗೆ ಹಾಸ್ಯವನ್ನು ಕಲಿಸಿದವರೊಬ್ಬರಿದ್ದರು, ಈಗ ಅವರಿಲ್ಲ.

ಅವರು ನಮ್ಮ ಸೀಮೆಯ ನಾಟಕದ ಮೇಷ್ಟ್ರು. ಪಾಂಡವಪುರ, ಶ್ರೀರಂಗಪಟ್ಟಣಗಳ ಸುತ್ತಿನ ಊರುಗಳಲ್ಲಿ ‘ಕುರುಕ್ಷೇತ್ರ’ವನ್ನು ಆಡದ ಊರು ವಿರಳ, ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದ ಮೈಗಳು ರಾತ್ರಿ ಕಿರೀಟಭುಜಕೀರ್ತಿಗಳನ್ನು ಧರಿಸಿ ದುರ್ಯೋಧನನಾಗಿಯೋ ಭೀಮನಾಗಿಯೋ ಗರ್ಜಿಸುವುದಕ್ಕೆ ಮೊದಲು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನು ತಿದ್ದಿಸಿಕೊಳ್ಳಬೇಕು. ಆ ವರ್ಷ ಊರಿನವರು ‘ಸದಾರಮೆ’ಯನ್ನು ಹಿಡಿದರು, ಗುಬ್ಬಿ ವೀರಣ್ಣನವರು ಆಡಿ ನಾಡಿಗೆಲ್ಲ ಪರಿಚಿತವಾಗಿಸಿದ ಆ ಕಳ್ಳನ ಪಾತ್ರವು ನನ್ನ ಪಾಲಿಗೆ ಬಂದಿತು. ಮೇಷ್ಟ್ರು ನನಗೆ ಮುಖ ಸೊಟ್ಟಗೆ ಮಾಡುವುದನ್ನಾಗಲಿ, ನಡಿಗೆ ಓರೆ ಮಾಡುವುದನ್ನಾಗಲಿ ಕಲಿಸಲಿಲ್ಲ. ನಾನು ಒಂದು ಮಾತನ್ನು ಮುಗಿಸಿದೊಡನೆ ಪೆಟ್ಟಿಗೆಯ ತಿದಿಯನ್ನೊತ್ತುತ್ತಿದ್ದ ಅವರ ಪಾದವು ನಿಂತುಬಿಡುವುದು. ಜಗುಲಿಯ ಕೆಳಗೆ ಕುಳಿತಿದ್ದ ಹುಡುಗರೂ ಹೆಂಗಸರೂ ನಗುವರು. ನಗೆಯು ಏರುವುದು, ತುದಿಯಲ್ಲಿ ಒಂದು ಕ್ಷಣ ತೂಗುವುದು, ಇಳಿಯತೊಡಗುವುದು. ಅದು ಅರ್ಧಕ್ಕೆ ಇಳಿದಾಗ, ಪೂರ್ತಿ ಆರುವುದಕ್ಕೆ ಮೊದಲೇ, ಅವರ ಬೆರಳು ಒಂದು ಮನೆಯನ್ನು ಮೃದುವಾಗಿ ಒತ್ತುವುದು. ಆ ಸ್ವರವೇ ನನಗೆ ಮುಂದಿನ ಮಾತಿನ ಅಪ್ಪಣೆ.

“ಅವ್ರು ನಗ್ತಾವ್ರೆ ಕಣ್ಲಾ ಮಗ, ಸುಮ್ನಿರು, ಅದೂ ನಿನ್ ಮಾತೇಯ” ಎನ್ನುವರು.

ಏರುತ್ತಿರುವ ನಗೆಯ ಮೇಲೆ ಮಾತನ್ನು ಎಸೆದರೆ ಎರಡೂ ಕೆಡುತ್ತವೆ; ಪೂರ್ತಿ ನಿಶ್ಶಬ್ದವಾಗುವವರೆಗೆ ಕಾದರೆ ಸಭೆಯು ತಣ್ಣಗಾಗಿ, ಅದನ್ನು ಮತ್ತೆ ಹೊತ್ತಿಸಬೇಕಾಗುತ್ತದೆ. ಮುಂದೆ ಚಾಪೆಯ ಮೇಲೆ ಕುಳಿತವರ ನಗೆ ಬೇರೆ, ಹಿಂದೆ ನಿಂತವರ ನಗೆ ಬೇರೆ. ಹಿಂದಿನವರಿಗೆ ಮಾತು ತಡವಾಗಿ ತಲುಪುವುದರಿಂದ ಹಾಸ್ಯಗಾರನು ಅವರಿಗಾಗಿ ಕಾಯತಕ್ಕದ್ದೆಂಬುದು ಮೇಷ್ಟ್ರ ಕಟ್ಟುನಿಟ್ಟು. ಬಡವನ ಬಡತನವನ್ನೂ ಕುಂಟನ ಕುಂಟುತನವನ್ನೂ ಹಾಸ್ಯಕ್ಕೆ ಎಳೆದು ತಂದ ದಿನ ಅವರು ಪೆಟ್ಟಿಗೆಯನ್ನೇ ಮುಚ್ಚಿಬಿಡುತ್ತಿದ್ದರು. ನಗೆಯು ದರ್ಪದ ಕಡೆಗೆ ತಿರುಗಬೇಕೇ ಹೊರತು ದೈನ್ಯದ ಕಡೆಗಲ್ಲ ಎಂಬುದನ್ನು ನಾನು ಯಾವ ಅಲಂಕಾರಶಾಸ್ತ್ರದಿಂದಲೂ ಕಲಿತವನಲ್ಲ.

ಈ ವಿದ್ಯೆಯಲ್ಲಿ ಗುರುಸ್ಮರಣೆಯೆಂದರೆ ಏನೆಂಬುದಕ್ಕೆ ಕನ್ನಡ ರಂಗಭೂಮಿಯಲ್ಲಿ ಒಂದು ಘನವಾದ ನಿದರ್ಶನವುಂಟು. ‘ಕಲ್ಚರ್ಡ್ ಕಮೆಡಿಯನ್’ ಎಂದು ಹೆಸರಾದ ಕೆ. ಹಿರಣ್ಣಯ್ಯನವರು 1953ರಲ್ಲಿ ಮಡಿಕೇರಿಯಲ್ಲಿ ತೀರಿಕೊಂಡಾಗ ಅವರ ಮಗ ನರಸಿಂಹಮೂರ್ತಿಗೆ ಹತ್ತೊಂಬತ್ತು ವರ್ಷ. ತಂದೆಯೇ ಗುರು, ತಂದೆಯ ಮಿತ್ರ ಮಂಡಳಿಯೇ ಪಾಠಶಾಲೆ. ಮಗನು ತಂದೆಯ ಮಂಡಳಿಯನ್ನು ಮತ್ತೆ ಕಟ್ಟಿದ್ದಲ್ಲದೆ ತಂದೆಯ ಹೆಸರನ್ನೇ ತನ್ನ ಹೆಸರಾಗಿ ಹೊತ್ತು ಮಾಸ್ಟರ್ ಹಿರಣ್ಣಯ್ಯನಾಗಿ ಬದುಕಿದನು. 1959ರಲ್ಲಿ ಆರಂಭವಾದ ಅವರ ‘ಲಂಚಾವತಾರ’ವು ಹತ್ತು ಸಾವಿರಕ್ಕೂ ಮೀರಿದ ಪ್ರಯೋಗಗಳನ್ನು ಕಂಡಿತು. ಆದರೆ ಒಂದು ರಾತ್ರಿಯ ‘ಲಂಚಾವತಾರ’ ಮರುರಾತ್ರಿಯದಾಗಿರಲಿಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿಯು ಸಂಜೆ ಅವರ ನಾಲಗೆಯ ಮೇಲೆ ಇರುತ್ತಿತ್ತು, ಮುಂದಿನ ಸಾಲಿನಲ್ಲಿ ಕುಳಿತ ಮಂತ್ರಿಗೂ ರಿಯಾಯಿತಿಯಿರಲಿಲ್ಲ. ಹಾಗಾದರೆ ತಂದೆಯಿಂದ ಮಗನಿಗೆ ಬಂದದ್ದೇನು? ಗಾಯಕನಾದರೆ ಗುರುವಿನ ಕೃತಿಯನ್ನು ಹಾಗೆಯೇ ಹಾಡಿ ಸ್ಮರಿಸಬಹುದು. ಹಾಸ್ಯಗಾರನಿಗೆ ಆ ಸೌಕರ್ಯವಿಲ್ಲ. ಗುರು ಆಡಿದ ಮಾತು ಅಂದಿನ ಸಭೆಯೊಡನೆಯೇ ಮುಗಿಯಿತು. ಉಳಿಯುವುದು ಮಾತಿನ ಹಿಂದಿನ ಧೈರ್ಯ, ಅದರ ನಡುವಿನ ನಿಲುಗಡೆ, ಅದರ ಗುರಿ.

ಫ್ರಾನ್ಸಿನ ಹಾಸ್ಯ ನಾಟಕಕಾರ ಮೋಲಿಯೇರನ ಮೇಲೆ ಹಗೆ ಸಾಧಿಸಿದವರು 1670ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಒಂದು ಚಿತ್ರವಿದೆ: ಇಟಲಿಯ ನಟ ಸ್ಕರಮೂಶ್ ಕಲಿಸುತ್ತಿದ್ದಾನೆ, ಮೋಲಿಯೇರ್ ಕನ್ನಡಿಯನ್ನು ಹಿಡಿದು ಗುರುವಿನ ಮುಖಚರ್ಯೆಯನ್ನು ಅನುಕರಿಸುತ್ತಿದ್ದಾನೆ. ಹೀಗಳೆಯುವುದಕ್ಕೆಂದು ಬರೆದ ಆ ಚಿತ್ರವು ನನಗೆ ಗೌರವದ ಚಿತ್ರವಾಗಿಯೇ ಕಾಣುತ್ತದೆ. ಅಷ್ಟು ದೊಡ್ಡವನೂ ಒಬ್ಬರ ಮುಂದೆ ಕುಳಿತು ಕಲಿತವನೇ! ಆದರೆ ಕನ್ನಡಿಯು ಮುಖವನ್ನು ತೋರಿಸೀತು, ನಗೆಯ ಅಳತೆಯನ್ನು ತೋರಿಸಲಾರದು. ‘ತಾರ್ತೂಫ್’ ಬರೆದ ಬುದ್ಧಿಯು ಕನ್ನಡಿಯಲ್ಲಿ ಸಿಕ್ಕಿದ್ದಲ್ಲ. ಆ ನಾಟಕವನ್ನು ‘ಆಷಾಢಭೂತಿ’ಯೆಂದು ಕನ್ನಡಕ್ಕೆ ತಂದ ಎ.ಎನ್. ಮೂರ್ತಿರಾಯರು ಕೃಷ್ಣರಾಜಪೇಟೆಯ ಅಕ್ಕಿಹೆಬ್ಬಾಳಿನವರೆಂಬುದು ನಮ್ಮ ಸೀಮೆಗೆ ಹೆಮ್ಮೆಯ ವಿಷಯ.

ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ 2ರಂದು ನಿಧನರಾದಾಗ ಪತ್ರಿಕೆಗಳು ಪುಟ ತುಂಬ ಬರೆದವು, ಅದು ನ್ಯಾಯವೇ. ನಮ್ಮ ಮೇಷ್ಟ್ರಿಗೆ ಅಂಥ ಪುಟವಿಲ್ಲ. ಹಬ್ಬದ ನಾಟಕದ ಕರಪತ್ರದಲ್ಲಿ ದಾನಿಗಳ ಹೆಸರು, ಮುಖಂಡರ ಹೆಸರು, ಪಾತ್ರಧಾರಿಗಳ ಹೆಸರು, ಸದ್ಯದ ಮೇಷ್ಟ್ರ ಹೆಸರು ಎಲ್ಲವೂ ಅಚ್ಚಾಗುತ್ತವೆ; ತೀರಿಹೋದ ಮೇಷ್ಟ್ರ ಹೆಸರಿಗೆ ಒಂದು ಸಾಲು ಸಿಕ್ಕುವುದಿಲ್ಲ. ಈ ಸೀಮೆಯ ನಾಟಕ ಸಂಘಗಳವರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಊರಿನ ಹಿರಿಯ ಹಾಸ್ಯಗಾರನಿಗೆ ಕಲಿಸಿದವರು ಯಾರೆಂದು ಆತನನ್ನೇ ಕೇಳಿ ತಿಳಿದು, ಈ ಸಲದ ಕರಪತ್ರದಲ್ಲಿ ದಾನಿಗಳ ಪಟ್ಟಿಗಿಂತ ಮೇಲೆ ಆ ಹೆಸರನ್ನು ಅಚ್ಚು ಹಾಕಿಸಿರಿ.