ವಠಾರದಲ್ಲೊಂದು ಕನ್ನಡದ ಕೋಣೆ

2004ರಲ್ಲಿ ಇನ್ಫೋಪಾರ್ಕ್ ಬಂದಂದಿನಿಂದ ಕೊಚ್ಚಿಯ ಕಾಕ್ಕನಾಡು ಕಂಪ್ಯೂಟರ್ ದುಡಿಮೆಯ ಊರು. ಅಲ್ಲಿ ನೆಲೆಸಿದ ಕಾಸರಗೋಡಿನ ಕನ್ನಡಿಗನೊಬ್ಬ ತನ್ನೂರಿನ ಸಂಘಕ್ಕೆ ವರ್ಡ್‌ಪ್ರೆಸ್ಸಿನ ಜಾಲತಾಣ ಕಟ್ಟಹೊರಟರೆ ಅವನಿಗೆ ಎಟಕುವುದು ಹಲವರು ಹಂಚಿಕೊಂಡ ಸರ್ವರ್, ಎಂದರೆ ಒಂದು ವಠಾರ. ಸಂಘದ ಹಳೆಯ ತಾಣದೊಳಗೇ ಉಪಕೋಶವೊಂದನ್ನು ತೆರೆದರೆ ಹೊಸ ಹೆಸರಿಗೆ ಹಣ ತೆರಬೇಕಿಲ್ಲ. ಕೋಷ್ಟಕಗಳ ಹೆಸರಿಗೆ ಬೇರೆ ಪೂರ್ವಪದ ಸೇರಿಸಿದರೆ ಒಂದೇ ದತ್ತಸಂಚಯದಲ್ಲಿ ಎರಡು ಸಂಸಾರ ಸಾಗುತ್ತವೆ. ಇದಿಷ್ಟೂ ಸುಲಭ. ತೊಡಕಿರುವುದು ಅಕ್ಷರದಲ್ಲಿ. 2018ರಲ್ಲಿ ಎಂಟನೆಯ ಆವೃತ್ತಿ ಬರುವವರೆಗೂ ಮೈಎಸ್‌ಕ್ಯುಎಲ್, ಬೇರೆ ಆಜ್ಞೆಯಿಲ್ಲದಿದ್ದರೆ, ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಬಲ್ಲ ಸಂಕೇತವನ್ನು ಆಯ್ದುಕೊಳ್ಳುತ್ತಿತ್ತು. ಅಂತಹ ಹಳೆಯ ಕೋಷ್ಟಕಕ್ಕೆ ಸುರಿದ ಯೂನಿಕೋಡ್ ಕನ್ನಡ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯಬಹುದು. ಹಾಗೆ ಅಳಿದುದನ್ನು ಯಾವ ಸರ್ವರೂ ಮರಳಿಸದು. ಆದುದರಿಂದ ಸಂಘದ ವರದಿಗಳನ್ನು ಏರಿಸುವ ಮುನ್ನ ಯುಟಿಎಫ್-8 ಸಂಕೇತವಿದೆಯೇ ಎಂದು ಪರೀಕ್ಷಿಸಿ, ಒಂದು ‘ಕ್ಷ’, ಒಂದು ‘ಜ್ಞ’ ಬರೆದು, ಮತ್ತೆ ತೆರೆದು ನೋಡಬೇಕು.