ಮಾರಾಟಕ್ಕಿರುವ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದರು. ಮನೆ ಮಾರಿ ನೋಡು ಎಂದು ಅವರು ಸೇರಿಸದೆ ಹೋದುದಕ್ಕೆ ಕಾರಣವಿದ್ದಿರಬೇಕು. ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವವರು ವಿರಳ. ಮಾರಿದವನು ಅದನ್ನು ನಾಲ್ವರ ಮುಂದೆ ಹೇಳಿಕೊಳ್ಳುತ್ತಿರಲಿಲ್ಲ. ಈಗ ಆ ಸಂಕೋಚವಿಲ್ಲ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ನಡೆದುಹೋಗುವವರಿಗೆ ಅಲ್ಲಲ್ಲಿ ‘ಈ ಮನೆ ಮಾರಾಟಕ್ಕಿದೆ’ ಎಂಬ ಫಲಕ ಕಾಣುತ್ತದೆ. ಕೆಲವು ಫಲಕಗಳು ತಿಂಗಳೊಳಗೆ ಮಾಯವಾಗುತ್ತವೆ. ಕೆಲವು ಬಿಸಿಲಿಗೆ ಬಣ್ಣಗೆಟ್ಟು, ಮಳೆಗೆ ಅಕ್ಷರ ಕಳೆದುಕೊಂಡು, ಗೇಟಿನ ಒಂದು ಅಂಗವೇ ಆಗಿಬಿಡುತ್ತವೆ. ಬಹಳ ದಿನ ತೂಗಿದ ಫಲಕವೇ ಮನೆಗೆ ಒಂದು ಕುಂದು. ಇಷ್ಟು ಕಾಲವಾದರೂ ಯಾರೂ ಕೊಳ್ಳಲಿಲ್ಲವೆಂದರೆ ಏನೋ ದೋಷವಿರಬೇಕೆಂದು ದಾರಿಹೋಕನೂ ತೀರ್ಮಾನಿಸುತ್ತಾನೆ.

ಅಂತಹ ಮನೆಯೊಂದರ ಒಡೆಯರು ನಿವೃತ್ತ ಉಪಾಧ್ಯಾಯರು. ಮನೆಯನ್ನು 1958ರಲ್ಲಿ ಕಟ್ಟಿಸಿದವರು ಅವರ ತಂದೆ, ತಮ್ಮ ಸಂಬಳದ ಉಳಿತಾಯದಿಂದ. ಮದ್ರಾಸ್ ತಾರಸಿ, ತೇಗದ ಬಾಗಿಲು, ಕನ್ನಡಿಯಂತೆ ಹೊಳೆಯುವ ಕೆಂಪು ನೆಲ, ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಮಾವಿನ ಮರ. ಮಾರುವ ಮನಸ್ಸು ಮೇಷ್ಟರಿಗೆ ಇರಲಿಲ್ಲ. ಆದರೆ ಬಚ್ಚಲು, ಕಕ್ಕಸುಗಳೆರಡೂ ಹಿತ್ತಿಲ ಕೊನೆಯಲ್ಲಿದ್ದವು. ಎತ್ತರದ ಹೊಸ್ತಿಲುಗಳನ್ನು ದಾಟಿ ಅಲ್ಲಿಗೆ ಹೋಗುವುದು ಮಂಡಿನೋವಿನಿಂದ ನರಳುತ್ತಿದ್ದ ಅವರ ಪತ್ನಿಗೆ ದಿನದಿನಕ್ಕೆ ಕಷ್ಟವಾಯಿತು. ಮಳೆಗಾಲದ ಒಂದು ರಾತ್ರಿ ಆಕೆ ಜಾರಿ ಬಿದ್ದ ಮೇಲೆ ಫಲಕ ಗೇಟಿಗೇರಿತು. ಬಂದ ಹಣದಲ್ಲಿ ಅನುಕೂಲವಾದ ಒಂದು ಸಣ್ಣ ಮನೆ ಕೊಳ್ಳುವುದು, ಉಳಿದುದನ್ನು ಮಗನಿಗೂ ಮಗಳಿಗೂ ಸಮನಾಗಿ ಹಂಚುವುದು, ಇದು ಅವರ ಎಣಿಕೆ. ವರ್ಷ ಕಳೆದರೂ ಮನೆ ನೋಡಲು ಬಂದವರು ನಾಲ್ಕೇ ಜನ.

ಕಾರಣ ಹೇಳುವವರಿಗೆ ಕೊರತೆಯಿರಲಿಲ್ಲ. ಬಾಗಿಲು ದಕ್ಷಿಣಕ್ಕಿದೆ, ಅದಕ್ಕೇ ಜನ ಸುಳಿಯುವುದಿಲ್ಲ ಎಂದರು ನೆರೆಯವರು. ನಿವೇಶನ ಮುಂದೆ ಅಗಲ, ಹಿಂದೆ ಕಿರಿದು. ವ್ಯಾಘ್ರಮುಖ ಅಂಗಡಿಗಾದೀತು, ಸಂಸಾರಕ್ಕೆ ಆಗಿಬರುವುದಿಲ್ಲ ಎಂದರು ಇನ್ನೊಬ್ಬರು. 60 ವರ್ಷಕ್ಕೂ ಹೆಚ್ಚು ಕಾಲ ಅದೇ ಮನೆಯಲ್ಲಿ ಒಂದು ಸಂಸಾರ ಉಂಡು, ಉಟ್ಟು, ಮಕ್ಕಳನ್ನು ಓದಿಸಿ ಮದುವೆ ಮಾಡಿದುದು ಈ ವಾದಕ್ಕೆ ಅಡ್ಡಬರಲಿಲ್ಲ. ಇಂತಹ ನಂಬಿಕೆಗಳನ್ನು ಕಂಡು ನಗುವುದು ಸುಲಭ. ಜೀವಮಾನದ ಗಳಿಕೆಯನ್ನೆಲ್ಲ ಒಂದೇ ಕಡೆ ಸುರಿಯಹೊರಟವನಿಗೆ ಅಂಜಿಕೆಯಿರುತ್ತದೆ. ಆ ಅಂಜಿಕೆಗೆ ಒಂದು ಹೆಸರು ಬೇಕಾಗುತ್ತದೆ. ಬೀದಿ ಕಿರಿದು, ಕಾರು ನಿಲ್ಲಿಸಲು ಸ್ಥಳವಿಲ್ಲ ಎಂಬ ಮಾತಿನಲ್ಲಿ ಮಾತ್ರ ಹುರುಳಿತ್ತು.

ಬೆಲೆಯನ್ನು ಕೇಳಿದೊಡನೆ, ಮನೆಯನ್ನು ನೋಡುವ ಗೋಜಿಗೇ ಹೋಗದೆ ಹಿಂದಿರುಗಿದವರೂ ಇದ್ದರು. ಮನೆಗೆ ಬೆಲೆ ಒಂದಲ್ಲ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯೊಂದು; ಮುದ್ರಾಂಕ ಶುಲ್ಕಕ್ಕೆ ಅದು ಆಧಾರ. ನೆರೆಹೊರೆಯಲ್ಲಿ ನಿಜವಾಗಿ ಕೈಬದಲಾಯಿಸುವ ಹಣ ಇನ್ನೊಂದು. ಒಡೆಯನ ಮನಸ್ಸಿನಲ್ಲಿರುವುದು ಮೂರನೆಯದು. ಮೇಷ್ಟರು ತಮ್ಮ ಲೆಕ್ಕದಲ್ಲಿ ತೇಗದ ಬಾಗಿಲನ್ನು ಸೇರಿಸಿದ್ದರು. ಬಾವಿಯನ್ನು, ಪ್ರತಿ ಬೇಸಿಗೆಯಲ್ಲಿಯೂ ಬೀದಿಗೆಲ್ಲ ಹಣ್ಣು ಹಂಚುತ್ತಿದ್ದ ಮಾವನ್ನು ಸೇರಿಸಿದ್ದರು. ತಾಯಿ ನೆಲ ಉಜ್ಜಿ ಉಜ್ಜಿ ತಂದ ಹೊಳಪನ್ನೂ ಬಹುಶಃ ಸೇರಿಸಿದ್ದರು. ಕೊಳ್ಳುವವನಾದರೋ ನಿವೇಶನದ ಚದರಡಿಗಳನ್ನು ಎಣಿಸುತ್ತಿದ್ದ. ಹಳೆಯ ಮನೆ ಅವನಿಗೆ ಕೆಡವಬೇಕಾದ ಗೋಡೆ, ಮುಚ್ಚಬೇಕಾದ ಬಾವಿ, ಕಡಿಸಬೇಕಾದ ಮರ. ಒಬ್ಬರು ಕೂಡುತ್ತಿದ್ದುದನ್ನೇ ಇನ್ನೊಬ್ಬರು ಕಳೆಯುತ್ತಿದ್ದರು.

ಇಷ್ಟಾದರೂ ನಿಜವಾದ ತೊಡಕು ಬೀದಿಯಿಂದ ಕಾಣುವಂತಹುದಾಗಿರಲಿಲ್ಲ. ಹಳಬನಾದ ದಲ್ಲಾಳಿ ಒಂದು ದಿನ ಅದನ್ನು ಬಾಯಿಬಿಟ್ಟು ಹೇಳಿದ: “ದಿಕ್ಕಿನ ಮಾತು ಬಿಡಿ ಮೇಷ್ಟ್ರೇ. ಕಾಗದ ನೋಡಿದ ವಕೀಲರು ಮುಂದುವರಿಯಬೇಡಿ ಅನ್ನುತ್ತಿದ್ದಾರೆ. ಆ ಸುದ್ದಿ ದಲ್ಲಾಳಿಗಳಲ್ಲೆಲ್ಲ ಹರಡಿದೆ.”

ಬ್ಯಾಂಕಿನಿಂದ ಸಾಲ ಪಡೆದು ಮನೆ ಕೊಳ್ಳುವವನು ಗೋಡೆಗಿಂತ ಮೊದಲು ಕಾಗದವನ್ನು ನೋಡಬೇಕಾಗುತ್ತದೆ. ಮೂಲಪತ್ರ, ಖಾತೆ, ಋಣಭಾರ ಪತ್ರ, ವಂಶವೃಕ್ಷ ಇವೆಲ್ಲವೂ ಬೇಕು. ಮೇಷ್ಟರ ಹೆಸರಿಗೆ ಖಾತೆಯಿತ್ತು. ಆದರೆ ಖಾತೆಯಿರುವುದು ತೆರಿಗೆಯ ವಸೂಲಿಗೆ, ಒಡೆತನವನ್ನು ಅದೊಂದೇ ಸ್ಥಾಪಿಸಲಾರದು. ಋಣಭಾರ ಪತ್ರವೂ ನಿರ್ಮಲವಾಗಿತ್ತು. ಆದರೆ ನೋಂದಣಿಯಾದ ವ್ಯವಹಾರಗಳನ್ನಲ್ಲದೆ ಅದು ಬೇರೇನನ್ನೂ ಹೇಳುವುದಿಲ್ಲ. ವಂಶವೃಕ್ಷ ಮಾತ್ರ ತಂದೆಯ ಹೆಸರಿನ ಕೆಳಗೆ ಎರಡು ಕೊಂಬೆಗಳನ್ನು ತೋರಿಸುತ್ತಿತ್ತು. ಒಂದು ಮೇಷ್ಟರದು, ಇನ್ನೊಂದು ಹಾಸನದಲ್ಲಿದ್ದ ತಂಗಿಯದು.

ತಂದೆ 1981ರಲ್ಲಿ ಉಯಿಲು ಬರೆಯದೆ ತೀರಿಕೊಂಡಿದ್ದರು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಅಂತಹವರ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಪಾಲು. ಮನೆತನದವರು ವಾಸಿಸುವ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ, ವಿಭಾಗ ಮಾಡಿಕೊಡಿರೆಂದು ಹೆಣ್ಣುಮಕ್ಕಳು ಕೇಳುವಂತಿಲ್ಲ ಎಂಬ ತಡೆ ಅದರ 23ನೆಯ ಕಲಮಿನಲ್ಲಿತ್ತು. 2005ರ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿತು. ತಡೆಯಿದ್ದುದು ಕೇಳುವುದಕ್ಕೆ, ಪಾಲು ಮೊದಲಿನಿಂದಲೂ ಇತ್ತು. ಮದುವೆಯಲ್ಲಿ ಕೊಟ್ಟ ಒಡವೆ, ಪಾತ್ರೆಗಳೊಡನೆ ತಂಗಿಯ ಲೆಕ್ಕ ತೀರಿತೆಂದು ಮೇಷ್ಟರು ನಂಬಿದ್ದರು. ಅದು ದುರಾಸೆಯಲ್ಲ, ಸುತ್ತಲಿನವರೆಲ್ಲ ಹಾಗೆಯೇ ನಂಬಿದ್ದರು. ತಮ್ಮ ಮಗಳಿಗೆ ಸಮಪಾಲು ಎಂದು ಎಣಿಸಿದಾಗಲೂ ತಂಗಿಯ ನೆನಪು ಅವರಿಗೆ ಬಂದಿರಲಿಲ್ಲ.

ಕಾಗದಗಳ ಚೀಲವನ್ನು ಹಿಡಿದು ಅವರು ಹಾಸನದ ಬಸ್ಸು ಹತ್ತಿದರು. ಊಟವಾದ ಮೇಲೆ ಹೇಗೋ ವಿಷಯವನ್ನೆತ್ತಿದರು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಹಿ ಹಾಕುವುದಿಲ್ಲವೆಂದು ನಾನು ಯಾವತ್ತು ಹೇಳಿದೆ ಅಣ್ಣಾ? ನನ್ನನ್ನು ಕೇಳಿದವರಾದರೂ ಯಾರು?” ಎಂದರು. ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. “ನನ್ನ ಪಾಲು ನನಗೆ ಬೇಕು. ಅತ್ತಿಗೆ ಈ ಮಳೆಗಾಲವನ್ನೂ ಆ ಹಿತ್ತಿಲಲ್ಲಿಯೇ ಕಳೆಯುವುದು ಬೇಡ. ಬೆಲೆ ಎಷ್ಟು ಹೇಳಿದ್ದೀಯೆ?” ಅವರು ಹೇಳಿದರು. ತಂಗಿಗೆ ನಗು ಬಂತು. “ಅಷ್ಟು ಕೊಟ್ಟು ಯಾರು ಕೊಳ್ಳುತ್ತಾರೆ?”

ಫಲಕವನ್ನು ಯಾರೂ ಬದಲಾಯಿಸಲಿಲ್ಲ. ಬೆಲೆ ಇಳಿಯಿತು, ತಂಗಿಯೂ ಸೇರಿ ಕ್ರಯಪತ್ರ ಬರೆದುಕೊಡುವರೆಂಬ ಮಾತು ದಲ್ಲಾಳಿಯ ಬಾಯಿಂದ ಹೋಗಬೇಕಾದ ಕಡೆಗೆಲ್ಲ ಹೋಯಿತು. ಮರುತಿಂಗಳ ಒಂದು ಭಾನುವಾರ ದಂಪತಿಗಳಿಬ್ಬರು ಬಂದರು. ಜಗಲಿಯ ಮೇಲೆ ಕುಳಿತು ಮೊದಲು ಕಾಗದಗಳನ್ನು ಕೇಳಿ ಪಡೆದು, ನಿಧಾನವಾಗಿ ಓದಿದರು. ಅನಂತರ ಆ ಹೆಂಗಸು ತಲೆಯೆತ್ತಿ, ಹಿತ್ತಿಲಲ್ಲಿ ಬಾವಿಯಿದೆಯಂತಲ್ಲ, ನೋಡಬಹುದೇ ಎಂದು ವಿಚಾರಿಸಿದರು. ಹಾಸನದಿಂದ ಬಂದಿದ್ದ ತಂಗಿಯೇ ಎದ್ದು ಅವರನ್ನು ಒಳಕ್ಕೆ ಕರೆದುಕೊಂಡು ಹೋದರು.